ಕಾನಿಗೆ ಕತ್ತಿ ಹಾಕದ ಊರುಗಳು

ಗೇರುಸೊಪ್ಪೆಯ ಚತುರ್ಮುಖ ಬಸದಿ ನೋಡಬೇಕೆಂದರೆ ಶರಾವತಿ ದಂಡೆಯ ಕಾಡಿನೊಳಗೆ ಹೋಗಬೇಕು. ಎತ್ತರದ ಮರಗಳು, ಕಾಲಡಿ ತರಗೆಲೆಯ ದಪ್ಪ ಹಾಸು, ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತ ಕಲ್ಲಿನ ಬಸದಿ. ಇಷ್ಟು ದಟ್ಟ ಕಾಡಿನಲ್ಲಿ ಯಾಕಪ್ಪಾ ಬಸದಿ ಕಟ್ಟಿದರು ಎಂದು ಬಂದವರಲ್ಲಿ ಒಬ್ಬರಾದರೂ ಕೇಳುತ್ತಾರೆ. ಕಟ್ಟುವಾಗ ಅಲ್ಲಿ ಕಾಡಿರಲಿಲ್ಲ. ಆ ಜಾಗಕ್ಕೆ ಇವತ್ತಿಗೂ ನಗರಬಸ್ತಿಕೇರಿ ಎಂದೇ ಹೆಸರು. ಸಾಳ್ವ ಅರಸರ ರಾಜಧಾನಿ ಅದು; ಬೀದಿ, ಬಾವಿ, ಬಸದಿ, ವ್ಯಾಪಾರಿಗಳ ಮನೆ ಎಲ್ಲ ಇದ್ದ ಪಟ್ಟಣ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. 17ನೆಯ ಶತಮಾನದ ಆರಂಭದಲ್ಲಿ ಆ ರಾಜ್ಯ ಮುಗಿಯಿತು, ಜನ ಚದುರಿದರು, ಕಾಡು ಬಂತು. ನಾವು ನೋಡಿ ಬೆರಗಾಗುವ ಆ ಹಸಿರಿಗೆ ಹೆಚ್ಚೆಂದರೆ ನಾನೂರು ವರ್ಷ.

ಅಲ್ಲಿಂದ ಘಟ್ಟ ಹತ್ತಿ ಮಾವಿನಗುಂಡಿಯ ಕಡೆ ಹೊರಟರೆ ಹೆದ್ದಾರಿಯ ಮಗ್ಗುಲಲ್ಲೇ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅದೂ ಇದೂ ಒಂದೇ ಕಾಡು. ಆದರೆ ಕತ್ತಲೆಕಾನಿನ ಹಳ್ಳದಂಚಿನಲ್ಲಿ ನಿಂತಿರುವ ಮರಗಳ ವಂಶಕ್ಕೆ ನಾನೂರು ವರ್ಷ ಯಾವ ಲೆಕ್ಕಕ್ಕೂ ಇಲ್ಲ. ಹೂಬಿಡುವ ಗಿಡಗಳ ಚರಿತ್ರೆಯಲ್ಲಿ ಬಹಳ ಹಿಂದೆಯೇ ಕವಲೊಡೆದ ಜಾಯಿಕಾಯಿ ಕುಟುಂಬದ ಮರಗಳು ಅವು. ಒಂದೇ ಕಣಿವೆಯಲ್ಲಿ ಮನುಷ್ಯ ಬಿಟ್ಟುಹೋದ ಮೇಲೆ ಎದ್ದ ಕಾಡೂ ಇದೆ, ಮನುಷ್ಯರು ಪಕ್ಕದಲ್ಲೇ ಬದುಕುತ್ತಿದ್ದರೂ ಉಳಿದ ಕಾಡೂ ಇದೆ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಮಲೆನಾಡನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಎರಡನೆಯದರ ಕಥೆ ಕೇಳಬೇಕು. ಹಳೆಯ ಕಾಡೆಂದರೆ ಮನುಷ್ಯ ಮುಟ್ಟದ ಕಾಡು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಊರಿನವರು ಕಾಯ್ದುಕೊಂಡು ಬಂದ ಕಾಡುಗಳ, ಅಂದರೆ ಕಾನುಗಳ, ಚರಿತ್ರೆ ಓದಿದಷ್ಟೂ ನನಗೆ ಆ ನಂಬಿಕೆ ಸಡಿಲವಾಗುತ್ತ ಬಂದಿದೆ. ಉಳಿದ ಕಾಡನ್ನು ಊರಿನವರು ಮುಟ್ಟಿದ್ದರು, ಬಳಸಿದ್ದರು. ಎಲ್ಲಿ ಕತ್ತಿ ಹಾಕಬಹುದು, ಎಲ್ಲಿ ಹಾಕಬಾರದು ಎಂಬುದನ್ನೂ ಗೊತ್ತು ಮಾಡಿಕೊಂಡಿದ್ದರು.

ಜಡ್ಡಿಯ ಮರಗಳು

ಘಟ್ಟದ ಕಣಿವೆಗಳಲ್ಲಿ ವರ್ಷವಿಡೀ ನೀರು ಜಿನುಗುವ ಕೆಸರು ತಗ್ಗುಗಳಿಗೆ ಜಡ್ಡಿ ಎನ್ನುತ್ತಾರೆ. ಅಲ್ಲಿ ಜಾಯಿಕಾಯಿ ಕುಟುಂಬದ ರಾಂಪತ್ರೆ ಬಳಗದ ಮರಗಳು ಬೆಳೆದಿದ್ದರೆ ಅದು ರಾಂಪತ್ರೆ ಜಡ್ಡಿ. ಕೆಸರಿನಲ್ಲಿ ಮುಳುಗಿದ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಅದಕ್ಕೆ ಒಂದು ಜಾತಿಯ ಮರ ತನ್ನ ಬೇರನ್ನು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆತ್ತಿ ಮತ್ತೆ ಒಳಗಿಳಿಸುತ್ತದೆ. ಇನ್ನೊಂದು ಜಾತಿ ಕಾಂಡದ ಮೇಲಿನಿಂದಲೇ ಊರುಬೇರು ಇಳಿಬಿಟ್ಟು ನಿಲ್ಲುತ್ತದೆ. ಬೇಸಿಗೆಯಲ್ಲಿ ಹೋದರೆ ಈ ಬೇರಿನ ಕುಣಿಕೆಗಳ ನಡುವೆ ಪಾದ ಮುಳುಗುವಷ್ಟು ನೀರು ನಿಧಾನವಾಗಿ ಹರಿಯುತ್ತಿರುತ್ತದೆ. ಏಪ್ರಿಲ್ ತಿಂಗಳಲ್ಲೂ ಅದು ತಣ್ಣಗಿರುತ್ತದೆ.

ಈ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹಣ್ಣು ಒಡೆದಾಗ ಬೀಜದ ಸುತ್ತ ಕೆಂಪು ಪತ್ರೆ ಕಾಣುತ್ತದೆ. ಬೀಜ ದಪ್ಪ, ತೂಕ ಜಾಸ್ತಿ, ಗಾಳಿಗೆ ಹಾರುವ ಮಾತೇ ಇಲ್ಲ. ಮಂಗಟ್ಟೆ ಹಕ್ಕಿಯಂಥ ದೊಡ್ಡ ಹಕ್ಕಿಗಳು ಪತ್ರೆಯ ಆಸೆಗೆ ನುಂಗಿ, ಬೇರೆಡೆ ಹೋಗಿ ಬೀಜ ಉಗುಳಬೇಕು. ಆ ಬೀಜವಾದರೂ ಕಾದು ಕೂರುವುದಿಲ್ಲ. ಒಣಗಿತೆಂದರೆ ಸತ್ತಿತು. ಕೆಲವೇ ವಾರಗಳೊಳಗೆ ತೇವದ, ನೆರಳಿನ ಜಾಗ ಸಿಗದಿದ್ದರೆ ಮೊಳಕೆಯೇ ಇಲ್ಲ. ಸಾಗುವಾನಿ ಬೀಜದ ಚೀಲವನ್ನು ಗೋದಾಮಿನಲ್ಲಿಟ್ಟು ಬೇಕಾದಾಗ ಬಿತ್ತಬಹುದು, ರಾಂಪತ್ರೆಯಲ್ಲಿ ಅದು ನಡೆಯದು. ಹಕ್ಕಿ, ನೀರು, ನೆರಳು ಮೂರೂ ಒಂದೇ ಕಡೆ, ಒಂದೇ ಋತುವಿನಲ್ಲಿ ಕೂಡಿ ಬರಬೇಕು. ಇಂಥ ಕಾಡನ್ನು ಒಮ್ಮೆ ಕಳೆದುಕೊಂಡರೆ ವನಮಹೋತ್ಸವ ಮಾಡಿ ತಿರುಗಿ ತರಲಾಗದು ಎನ್ನುವುದಕ್ಕೆ ಇದಕ್ಕಿಂತ ಸರಳ ಕಾರಣ ಬೇಕಿಲ್ಲ.

ಕತ್ತಲೆಕಾನಿನ ಜಡ್ಡಿಯಲ್ಲೇ 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಗೇರಿನ ಬಳಗದ ಹೊಸ ಮರವೊಂದನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಅದರ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಹೆದ್ದಾರಿಯಿಂದ ಕೂಗಳತೆಯಲ್ಲಿ ಬೆಳೆದು ನಿಂತಿದ್ದ ಇಷ್ಟು ದೊಡ್ಡ ಮರ 20ನೆಯ ಶತಮಾನದ ಕೊನೆಯವರೆಗೂ ಶಾಸ್ತ್ರದ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಮನುಷ್ಯರ ಆಯಸ್ಸಿಗಿಂತ ಹೆಚ್ಚು ಕಾಲ ಬಾಳುವ ಮರವೊಂದಕ್ಕೆ ಹೆಸರು ಬರುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ಕತ್ತಲೆಕಾನೆಲ್ಲ ಒಂದೇ ತೆರನಾಗಿಯೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರವಾಗಿ ಇಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಜೊತೆಗಾರರ ಅಧ್ಯಯನಗಳು ತೋರಿಸುವ ಪ್ರಕಾರ, ಹಳ್ಳದ ಇಕ್ಕೆಲದಲ್ಲಿ ಪಶ್ಚಿಮ ಘಟ್ಟಕ್ಕೇ ಸೀಮಿತವಾದ, ತೀರಾ ಹಳೆಯ ಜಾತಿಗಳ ಸಾಂದ್ರತೆ ಹೆಚ್ಚು. ಹಳ್ಳದಿಂದ ದೂರ ಹೋಗಿ ದಿಣ್ಣೆ ಏರಿದಂತೆ ಒಂದು ಕಾಲಕ್ಕೆ ಕಡಿದು ಮತ್ತೆ ಎದ್ದ ಕಾಡಿನ ಗುರುತು ಕಾಣುತ್ತದೆ. ಕಾಡು ಓದಬಲ್ಲವರಿಗೆ ಈ ಗುರುತುಗಳು ಬೇಗ ಸಿಗುತ್ತವೆ. ಮತ್ತಿ, ನಂದಿ, ಹೊನ್ನೆಯಂಥ ಬಿಸಿಲು ಬೇಡುವ ಮರಗಳು ಒಂದೇ ದಪ್ಪಕ್ಕೆ ಸಾಲಾಗಿ ನಿಂತಿದ್ದರೆ ಅವೆಲ್ಲ ಒಟ್ಟಿಗೇ ಹುಟ್ಟಿದವು. ಅವು ಹುಟ್ಟುವಾಗ ನೆಲಕ್ಕೆ ಬಿಸಿಲು ಬಿದ್ದಿತ್ತು. ನಟ್ಟನಡುವೆ ಭಾರಿ ಮಾವಿನ ಮರವೋ ಹಲಸಿನ ಮರವೋ ಇದ್ದರೆ ಸುತ್ತಮುತ್ತ ಮನೆಯ ಪಾಯ ಹುಡುಕಬಹುದು.

ಹೂಪುಡಿ ಹೇಳಿದ್ದು, ಬೂದಿ ಹೇಳಿದ್ದು

ಇಲ್ಲಿ ಕಾಡು ಮತ್ತು ಮನುಷ್ಯರ ಲೇವಾದೇವಿ ಎಷ್ಟು ಹಳೆಯದು? ಕಾರವಾರದ ಎದುರು ಕಡಲ ತಳದ ಕೆಸರನ್ನು ಕೊರೆದು ತೆಗೆದು, ಅದರ ಪದರಗಳಲ್ಲಿ ಕೂತಿದ್ದ ಹೂಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಸಂಶೋಧಕರು 1990ರ ದಶಕದ ಆರಂಭದಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಸುಮಾರು 3500 ವರ್ಷಗಳ ಹಿಂದೆ ನದಿಗಳು ಹೊತ್ತು ತರುತ್ತಿದ್ದ ಕಾಡುಮರಗಳ ಹೂಪುಡಿ ಕಡಿಮೆಯಾಗಿ ಹುಲ್ಲಿನ ಹೂಪುಡಿ ಹೆಚ್ಚಾಯಿತು. ಹವೆ ಒಣಗಿದ್ದರಿಂದ ಹೀಗಾಯಿತು ಎಂದು ಅವರು ವಾದಿಸಿದರು. ದನಕರು, ಬೆಂಕಿ, ಬೇಸಾಯದೊಂದಿಗೆ ಘಟ್ಟ ಹತ್ತಿದ ಜನರ ಪಾತ್ರವೂ ಇದರಲ್ಲಿದೆ ಎಂದು ಚಂದ್ರನ್ ಅವರಂಥವರು ಹೇಳಿದರು. ಒಣ ಹವೆಯೂ ಬೆಂಕಿಯೂ ಒಂದಕ್ಕೊಂದು ನೆರವಾಗುವಂಥವು, ಹಾಗಾಗಿ ಎರಡನ್ನೂ ಬಿಡಿಸಿ ತೂಗುವುದು ಕಷ್ಟ. ಒಂದಂತೂ ಖಚಿತ: ನಮ್ಮ ಮೊದಲ ಶಾಸನಗಳು ಕಲ್ಲಿಗೆ ಇಳಿಯುವ ಹೊತ್ತಿಗೆ ಈ ಮಲೆಗಳು ಕೊಡಲಿಯನ್ನೂ ಬೆಂಕಿಯನ್ನೂ ಕಂಡು ಶತಮಾನಗಳೇ ಕಳೆದಿದ್ದವು.

ಆ ಬೆಂಕಿಯ ಹೆಸರು ಕುಮರಿ. ಚಳಿಗಾಲ ಮುಗಿಯುತ್ತಲೇ ಇಳಿಜಾರಿನ ಕಾಡು ಸವರಿ ಒಣಗಲು ಬಿಡುವುದು, ಮಳೆಗೆ ಮೊದಲು ಸುಡುವುದು, ಮೊದಲ ಮಳೆ ಬಿದ್ದೊಡನೆ ಬೂದಿಯಲ್ಲಿ ರಾಗಿ ಚೆಲ್ಲುವುದು. ಒಂದೆರಡು ಬೆಳೆ ತೆಗೆದು ಮುಂದಿನ ಗುಡ್ಡಕ್ಕೆ ಹೋಗುವುದು. ಬಿಟ್ಟ ಜಾಗಕ್ಕೆ ಹತ್ತು ಹದಿನೈದು ವರ್ಷವೋ ಇನ್ನೂ ಹೆಚ್ಚೋ ವಿಶ್ರಾಂತಿ. ಕುಣಬಿಗಳು, ಕುಮರಿ ಮರಾಠಿಗರು ಮೊದಲಾದವರ ಅನ್ನ ಇದರಲ್ಲಿತ್ತು. ಕುಮರಿಯನ್ನು ಈಗ ಹಾಡಿ ಹೊಗಳುವವರೂ ಇದ್ದಾರೆ, ಕಾಡಿನ ಶತ್ರುವೆಂದು ಬೈಯುವವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನಿತ್ಯಹರಿದ್ವರ್ಣದ ದೊಡ್ಡ ಪ್ರದೇಶಗಳು ಎಲೆಯುದುರುವ ಕಾಡಾಗಿ ಬದಲಾದದ್ದರಲ್ಲಿ ಕುಮರಿಯ ಪಾಲು ದೊಡ್ಡದೇ. ಆದರೆ ಗುಡ್ಡ ಸುಟ್ಟ ಅದೇ ಜನ ಗುಡ್ಡದ ಒಂದು ಮಗ್ಗುಲನ್ನು ಸುಡದೆ ಬಿಟ್ಟರು. ಹಳ್ಳ ಹುಟ್ಟುವ ತಾಣ, ದೇವರ ತಾಣ, ಮೆಣಸು ಹಬ್ಬಿದ ತಾಣ ಆ ಬಿಟ್ಟ ಮಗ್ಗುಲಲ್ಲಿದ್ದವು. ಅದೇ ಕಾನು.

ದೇವರೂ ಮೆಣಸೂ

ಸೊರಬದ ಕಡೆಗೆ ಹೋದರೆ ಕಾನು ಎಂಥದ್ದೆಂದು ಕಣ್ಣಿಗೇ ತಿಳಿಯುತ್ತದೆ. ಅಲ್ಲಿ ಘಟ್ಟದ ನೆತ್ತಿಯಷ್ಟು ಮಳೆ ಇಲ್ಲ. ಸುತ್ತ ಗದ್ದೆ, ಹುಲ್ಲುಗಾವಲು, ಬೇಸಿಗೆಯಲ್ಲಿ ಬೋಳಾಗುವ ಕಾಡು. ನಡುವೆ ಒಮ್ಮೆಲೇ ಕಪ್ಪು ಹಸಿರಿನ ದ್ವೀಪ. ಒಳಗೆ ಕಾಲಿಟ್ಟರೆ ಬಿಸಿಲು ಕಡಿಮೆ, ನೆಲ ತೇವ, ಬೈನೆ ಮರ, ದಾಲ್ಚಿನ್ನಿ, ಮರಮರಕ್ಕೂ ಹಬ್ಬಿದ ಮೆಣಸಿನ ಬಳ್ಳಿ. ಅಷ್ಟು ಮಳೆಗೆ ಅಂಥ ಕಾಡು ತಾನಾಗಿ ನಿಲ್ಲುವುದು ಕಷ್ಟ. ಬೆಂಕಿ ನುಗ್ಗದಂತೆ, ಕೊಡಲಿ ಬೀಳದಂತೆ ಯಾರೋ ತಲೆಮಾರುಗಟ್ಟಲೆ ನೋಡಿಕೊಂಡಿದ್ದರಿಂದಲೇ ಅದು ಇದೆ.

ಯಾಕೆ ನೋಡಿಕೊಂಡರು? ದೇವರ ಭಯ ಎಂದು ಹೇಳಿ ಮುಗಿಸುವವರಿದ್ದಾರೆ. ಭಯ ಇತ್ತು, ನಿಜ. ಹೊನ್ನಾವರದ ಬಳಿ ಕರಿಕಾನಮ್ಮನ ಗುಡ್ಡದಲ್ಲಿ ಇವತ್ತಿಗೂ ಆಕಾಶಕ್ಕೆ ನೆಟ್ಟಗೆ ಏರಿದ ಡಿಪ್ಟೆರೋಕಾರ್ಪಸ್ ಮರಗಳು ಉಳಿದಿರುವುದು ಆ ತಾಯಿಯ ಹೆಸರಿನಲ್ಲಿ. ತೆಂಕಣ ಘಟ್ಟಗಳ ದಟ್ಟ ಮಳೆಕಾಡಿನ ಈ ಮರ ಉತ್ತರಕ್ಕೆ ಬಂದಂತೆ ಅಪರೂಪವಾಗುತ್ತ ಹೋಗುತ್ತದೆ. ಆದರೆ ದೇವರ ಜೊತೆಗೆ ಗಟ್ಟಿ ಲೆಕ್ಕಾಚಾರವೂ ಇತ್ತು. ಕಾನಿನ ಬುಡದಲ್ಲಿ ಹುಟ್ಟುವ ಹಳ್ಳ ಕೆಳಗಿನ ಅಡಿಕೆ ತೋಟಕ್ಕೂ ಗದ್ದೆಗೂ ನೀರು. ಮೇಲಿನ ಮೆಣಸು ರೊಕ್ಕ. ಬೈನೆ ಶೇಂದಿ, ರಾಂಪತ್ರೆ, ವಾಟೆಹುಳಿ, ಮುರುಗಲು, ಜೇನು, ಉಪ್ಪಿನಕಾಯಿಗೆ ಅಪ್ಪೆಮಿಡಿ ಎಲ್ಲ ಅಲ್ಲಿಂದಲೇ. ಚೆನ್ನಭೈರಾದೇವಿಯ ಬಂದರುಗಳಿಂದ ಹಡಗು ಹತ್ತುತ್ತಿದ್ದ ಮೆಣಸು ಹೊಲದಲ್ಲಿ ಸಾಲಿಟ್ಟು ಬೆಳೆದದ್ದಲ್ಲ. ಬಹುಪಾಲು ಇಂಥ ಕಾಡಿನ ನೆರಳಿನದು. ಯುರೋಪಿನ ಊಟದ ಮೇಜಿನ ಆಸೆ ಮಲೆನಾಡಿನ ಒಂದಿಷ್ಟು ಹಳೆಯ ಕಾಡನ್ನು ಉಳಿಸಿತು ಎಂದರೆ ತಪ್ಪಾಗದು. ಮರ ಕಡಿದರೆ ಬಳ್ಳಿ ಹೋಯಿತು, ಬಳ್ಳಿ ಹೋದರೆ ವರ್ಷದ ಆದಾಯ ಹೋಯಿತು. ಇದನ್ನು ಊರಿಗೆ ಹೊರಗಿನವರು ಬಂದು ಕಲಿಸಬೇಕಿರಲಿಲ್ಲ.

ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ. ಮೆಣಸಿನ ಕಾನುಗಳನ್ನು, ಅಲ್ಲಿನ ಆರೈಕೆಯ ಕ್ರಮವನ್ನು ಬರೆದಿಟ್ಟ. ಕಾಡು ಊರ ದೇವರ ಸೊತ್ತು, ಪೂಜೆ ಮಾಡುವ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ ಎಂದು ಕರಾವಳಿಯ ಜನ ಅವನಿಗೆ ಹೇಳಿದರು. ಆ ಅಪ್ಪಣೆಗೆ ಏನೂ ಕೊಡಬೇಕಿರಲಿಲ್ಲ ಎಂಬುದನ್ನೂ ಅವನು ಬರೆದಿದ್ದಾನೆ. ಬರೆದು, ಇದೆಲ್ಲ ಸರ್ಕಾರ ತನ್ನ ಆಸ್ತಿಯನ್ನು ಕೇಳದಿರಲೆಂದು ಹೂಡಿದ ಉಪಾಯ ಎಂದು ತೀರ್ಮಾನಿಸಿದ್ದಾನೆ. ಕಂಪನಿಯ ಕಣ್ಣು ಕಾಡಿನಲ್ಲಿ ಏನನ್ನು ನೋಡಿತು ಎನ್ನುವುದಕ್ಕೆ ಈ ಒಂದು ತೀರ್ಮಾನ ಸಾಕು. ಒಡೆಯನಿಲ್ಲದ ಆಸ್ತಿ ಎಂದು ಅದು ಲೆಕ್ಕ ಹಾಕಿದ ಕಾಡಿಗೆ ಒಡೆಯರಿದ್ದರು, ಕಾಯಿದೆಯಿತ್ತು, ಅಪ್ಪಣೆ ಕೊಡುವವನೂ ಇದ್ದ.

ಕಾಯ್ದಿಟ್ಟ ಕಾಡು

1868ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬಿಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ಜಂಟಿ ವರದಿ ಬರೆದರು. ಬ್ರಾಂಡಿಸ್ ಸಾಮಾನ್ಯ ಮನುಷ್ಯನಲ್ಲ, ಭಾರತದ ಅರಣ್ಯ ಇಲಾಖೆಯನ್ನು ಕಟ್ಟಿದ ಜರ್ಮನ್ ವಿದ್ವಾಂಸ. ಆ ವರದಿಯ ಲೆಕ್ಕದಲ್ಲಿ ಒಂದು ತಾಲ್ಲೂಕಿನಲ್ಲೇ 171 ಕಾನುಗಳು, ಒಟ್ಟು 32,000 ಎಕರೆಗೂ ಹೆಚ್ಚು. ಊರಿಗೊಂದು ಎನ್ನುವಷ್ಟು ಕಾನು. ಜನ ಅವುಗಳಿಂದ ಏನು ತೆಗೆಯುತ್ತಾರೆ, ಎಷ್ಟು ಕಂದಾಯ ಕಟ್ಟುತ್ತಾರೆ ಎಂಬುದೆಲ್ಲ ದಾಖಲಾಯಿತು. ದಾಖಲಾದ ಮೇಲೆ ಆದದ್ದು ದುಃಖದ ಕಥೆ.

19ನೆಯ ಶತಮಾನದ ನಡುವಿನಲ್ಲಿ ಮೈಸೂರು, ಕೊಡಗು, ಕೆನರಾಗಳಲ್ಲಿ ಒಂದಾದ ಮೇಲೊಂದರಂತೆ ಕುಮರಿಗೆ ನಿಷೇಧ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಗುಡ್ಡಗಳ ಮೇಲೆ ಗಡಿಕಲ್ಲು ಎದ್ದವು. ಕಾನು ಬೇರೆ, ಕುಮರಿ ಎದ್ದ ಕಾಡು ಬೇರೆ, ಹುಲ್ಲುಬೇಣ ಬೇರೆ ಎಂಬ ಊರಿನ ಲೆಕ್ಕವನ್ನು ನಕಾಶೆ ಮಾಡುವವರು ಕೇಳಲಿಲ್ಲ. ಬಹುಪಾಲು ಎಲ್ಲ ಸೇರಿ ಒಂದೇ ಮೀಸಲು ಅರಣ್ಯವಾಯಿತು. ಅದಕ್ಕೆ ಬೆಲೆ ಕಟ್ಟಿದ್ದು ಸಾಗುವಾನಿಯ ಅಳತೆಯಲ್ಲಿ. ಸಾಗುವಾನಿ ಕಾನಿನ ನೆರಳಿನಲ್ಲಿ ಹುಟ್ಟದು. ಹಾಗಾಗಿ ಹಡಗಿಗೂ ರೈಲುಹಳಿಗೂ ಮರ ಬೇಕಿದ್ದವರ ಕಣ್ಣಿಗೆ ರಾಂಪತ್ರೆ, ಉಪ್ಪಾಗೆಗಳ ಕಾಡು ಜುಜುಬಿ ಸರಕಾಗಿ ಕಂಡಿತು. ಹಕ್ಕು ಕಳೆದುಕೊಂಡ ಊರುಗಳು ಕ್ರಮೇಣ ಮೆಣಸಿನ ಆರೈಕೆ ಬಿಟ್ಟವು. ಯಾರೂ ಬರದ ಕಾನಿಗೆ ಬೆಂಕಿ ಬಂತು, ಗುತ್ತಿಗೆದಾರನ ಕೊಡಲಿಯೂ ಬಂತು.

ಒಂದು ಹಕ್ಕು ಮಾತ್ರ ಬೇರೆ ರೂಪದಲ್ಲಿ ಉಳಿಯಿತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ತರಗು ಬೇಕು. ಅದಕ್ಕೆಂದು ತೋಟಿಗರಿಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟರು. ಶಿರಸಿಯ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ಈ ಬೆಟ್ಟಗಳ ಕಥೆಯನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೆಲವು ಮನೆತನಗಳ ಬೆಟ್ಟದೊಳಗೆ ಹೋದರೆ ಕಾಡಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದು. ಇನ್ನು ಕೆಲವು ಬೆಟ್ಟಗಳಲ್ಲಿ ಸವರಿ ಸವರಿ ಬೋಳು ಕಂಬಗಳಷ್ಟೇ ಉಳಿದಿವೆ, ಕೆಳಗೆ ಜಂಬಿಟ್ಟಿಗೆ ತೇಲಿದೆ. ಅದೇ ಜಾತಿ, ಅದೇ ಊರು, ಅದೇ ಕಾಯ್ದೆ. ಊರಿನವರ ಕೈಗೆ ಕೊಟ್ಟರೆ ಕಾಡು ಉಳಿದೇಬಿಡುತ್ತದೆ ಎಂದು ಹೇಳುವವರು ಒಮ್ಮೆ ಇಂಥ ಬೆಟ್ಟ ಹತ್ತಿ ನೋಡಬೇಕು. ತೋಟ ಹೆಚ್ಚಿದೆ, ಬೆಟ್ಟ ಹೆಚ್ಚಿಲ್ಲ. ಮೊದಲು ಜಡ್ಡಿಯಿದ್ದ ಎಷ್ಟೋ ಕಣಿವೆಯ ತಳಗಳು ಇಂದು ಗದ್ದೆ, ಅಡಿಕೆ ತೋಟ. ಮಲೆನಾಡಿನ ಸೊಬಗೆಂದು ನಾವು ಫೋಟೋ ತೆಗೆಯುವ ತೋಟದ ಬುಡದಲ್ಲಿ ಒಂದು ರಾಂಪತ್ರೆ ಜಡ್ಡಿ ಹೂತಿರಬಹುದು.

ಹಾಗಿದ್ದೂ ಕಾಡಿನ ಮೇಲಿನ ಹಕ್ಕು ಹೋದ ನೋವು ಇಲ್ಲಿ ಎಷ್ಟು ಆಳವಾಗಿತ್ತೆಂದರೆ, 1930ರಲ್ಲಿ ದೇಶ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದಾಗ ಶಿರಸಿ, ಸಿದ್ದಾಪುರಗಳ ಜನ ಅದರ ಜೊತೆಗೆ ಜಂಗಲ್ ಸತ್ಯಾಗ್ರಹವನ್ನೂ ಮಾಡಿದರು. ಸ್ವಾತಂತ್ರ್ಯ ಬಂತು, ಅರಣ್ಯ ಕಾಯ್ದೆಯ ಮನಸ್ಸು ಮಾತ್ರ ಹಾಗೇ ಉಳಿಯಿತು.

ಬಿದಿರು ಮೆಳೆಯ ಮುಳ್ಳು

ದಾಂಡೇಲಿಯಲ್ಲಿ 1950ರ ದಶಕದ ಕೊನೆಗೆ ಕಾಗದದ ಕಾರ್ಖಾನೆ ಶುರುವಾಯಿತು. ಜಿಲ್ಲೆಯ ಬಿದಿರು ಅದಕ್ಕೆ ನೀರಿನ ಬೆಲೆಗೆ ಹೋಗತೊಡಗಿತು. ಎಂದೂ ಮುಗಿಯದು ಎಂದುಕೊಂಡಿದ್ದ ಬಿದಿರು ಹದಿನೈದು ಇಪ್ಪತ್ತು ವರ್ಷದಲ್ಲಿ ತೆಳುವಾಯಿತು. ಬುಟ್ಟಿ ಹೆಣೆಯುವ ಮೇದಾರರು ಗೋಳಿಟ್ಟರು. ಜನರ ದನಕರುಗಳೇ ಎಳೆ ಕಳಲೆ ತಿಂದು ಹಾಳು ಮಾಡುತ್ತಿವೆ ಎನ್ನುವುದು ಇಲಾಖೆಯ ಉತ್ತರವಾಗಿತ್ತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ಎಸ್.ಎನ್. ಪ್ರಸಾದ್ ಮೆಳೆಗಳ ಬುಡದಲ್ಲಿ ಕೂತು ಅಳೆದು ನೋಡಿದರು.

ಹೆಬ್ಬಿದಿರಿನ ಮೆಳೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಬುಡದ ಸುತ್ತ ಮುಳ್ಳುಕೊಂಬೆಗಳ ದಟ್ಟ ಬೇಲಿಯಿರುತ್ತದೆ. ಕೈ ಹಾಕಿದರೆ ಚರ್ಮ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಕಳಲೆ ಹುಟ್ಟುವುದು ಆ ಬೇಲಿಯ ಒಳಗೆ. ಮೆಳೆ ಕಿಕ್ಕಿರಿದು ಬಿದಿರು ಸೊರಗುತ್ತದೆಂದು ಇಲಾಖೆಯ ಶಾಸ್ತ್ರ ಈ ಮುಳ್ಳನ್ನು ಸವರಿ ತೆಗೆಯಲು ಹೇಳಿತ್ತು. ಕಡಿಯುವವರಿಗೂ ಅದು ಅನುಕೂಲವೇ. ಗಾಡ್ಗೀಳ್, ಪ್ರಸಾದ್ ಕಂಡದ್ದು ಇದು: ಮುಳ್ಳು ಹೋದ ಮೆಳೆಯೊಳಗೆ ದನ, ಮುಸುವ, ಮುಳ್ಳುಹಂದಿ ಯಾವುದಕ್ಕೂ ತಡೆಯಿರಲಿಲ್ಲ. ಹುಟ್ಟಿದ ಕಳಲೆ ಹುಟ್ಟಿದಂತೆ ಮುಗಿಯಿತು. ಊರಿನವರು ತಮಗೆ ಬೇಕಾದ ಬಿದಿರನ್ನು ಆಳೆತ್ತರದಲ್ಲಿ ಕಡಿದು, ಬುಡದ ಮುಳ್ಳನ್ನು ಹಾಗೇ ಬಿಡುತ್ತಿದ್ದರು. ಯಾಕೆಂದು ಕೇಳಿದ್ದರೆ ಹೇಳುತ್ತಿದ್ದರು. ಯಾರೂ ಕೇಳಿರಲಿಲ್ಲ.

ಈ ಪ್ರಸಂಗ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಕಾಡು ಹಾಳಾದದ್ದಕ್ಕೆ ಬಡವರ ದನವನ್ನು ತೋರಿಸುವ ಅಭ್ಯಾಸ ಇನ್ನೂ ಹೋಗಿಲ್ಲ.

ಅಪ್ಪಿಕೊಂಡ ದಿನ

ಸ್ವಾತಂತ್ರ್ಯದ ಆಚೀಚೆ ಹಳೆಯ ಕಾಡಿಗೆ ಹೊಸ ಗಿರಾಕಿ ಬಂದ. ಪ್ಲೈವುಡ್ಡಿಗೆ, ಬೆಂಕಿಪೊಟ್ಟಣಕ್ಕೆ ಮೆದು ಮರವೇ ಬೇಕು. ಅದುವರೆಗೆ ಬೆಲೆಯಿಲ್ಲವೆಂದು ಉಳಿದಿದ್ದ ಕಾನಿನ ಮರಗಳು ಈಗ ಲಾರಿ ಹತ್ತಿದವು. ಇಲಾಖೆ ಗುರುತು ಹಾಕಿ ಕೊಡುತ್ತಿದ್ದದ್ದು ಎಕರೆಗೆ ಕೆಲವೇ ಮರ. ಆದರೆ ನೂರಡಿ ಮರ ಉರುಳುವಾಗ ಸುತ್ತಲಿನ ಹತ್ತಾರು ಮರಗಳನ್ನು ಮುರಿದುಕೊಂಡೇ ಬೀಳುತ್ತದೆ, ಬಿದ್ದದ್ದನ್ನು ಎಳೆಯಲು ದಾರಿ ಬೇಕು, ದಾರಿಯಲ್ಲಿ ಬಿಸಿಲು ಇಳಿಯುತ್ತದೆ, ಬಿಸಿಲು ಬಿದ್ದ ನೆಲದಲ್ಲಿ ಯುಪಟೋರಿಯಂ ಕಳೆ ಏಳುತ್ತದೆ. ಇನ್ನು ಕೆಲವು ಕಡೆ ಪೂರ್ತಿ ಬೋಳಿಸಿ ಸಾಗುವಾನಿ, ನೀಲಗಿರಿ ನೆಟ್ಟರು. ಮಳೆ ಹೆಚ್ಚಿದ ಕಡೆ ನೀಲಗಿರಿಗೆ ಬೂಷ್ಟು ರೋಗ ಬಡಿದು ಪ್ಲಾಂಟೇಶನ್ನುಗಳೇ ಸತ್ತವು. ಹಳೆಯ ಕಾಡೂ ಹೋಯಿತು, ಹೊಸದೂ ಬರಲಿಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಹೆಂಗಸರು, ಗಂಡಸರು, ಯುವಕರು ಕಳಾಸೆಯ ಕಾಡಿಗೆ ನಡೆದು ಹೋಗಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಸುಂದರಲಾಲ್ ಬಹುಗುಣರು ಅದಕ್ಕೆ ಸ್ವಲ್ಪ ಮುಂಚೆ ಬಂದು ಚಿಪ್ಕೋ ಚಳವಳಿಯ ಕಥೆ ಹೇಳಿ ಹೋಗಿದ್ದರು. ಪಾಂಡುರಂಗ ಹೆಗಡೆ ಮತ್ತು ಸಂಗಾತಿಗಳು ಅಪ್ಪಿಕೋ ಎಂದು ಹೆಸರಿಟ್ಟ ಆ ಚಳವಳಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಕೆಲವು ವರ್ಷಗಳಲ್ಲಿ ರಾಜ್ಯದ ಪಶ್ಚಿಮ ಘಟ್ಟದ ಸಹಜ ಕಾಡಿನಲ್ಲಿ ಹಸಿಮರ ಕಡಿತ ನಿಂತಿತು. ಇದು ಸಣ್ಣ ಗೆಲುವಲ್ಲ. ಇವತ್ತು ಘಟ್ಟದಲ್ಲಿ ನಿಂತಿರುವ ಎಷ್ಟೋ ಮರಗಳು ಆ ಗೆಲುವಿನಿಂದಲೇ ನಿಂತಿವೆ. ಆದರೆ ಕಡಿತ ನಿಂತ ಹೊತ್ತಿಗೇ ಅಕೇಶಿಯಾ ಬಂತು. ಬೋಳು ಗುಡ್ಡವನ್ನು ಬೇಗ ಹಸಿರು ಮಾಡುವ ಮರ. ಅದರ ಎಲೆ ದನ ತಿನ್ನದು, ಬೇಗ ಕೊಳೆಯದು, ಗೊಬ್ಬರಕ್ಕೆ ಬಾರದು. ಉಪಗ್ರಹದ ಚಿತ್ರದಲ್ಲಿ ಮಾತ್ರ ಅದೂ ಹಸಿರೇ.

ಉಪ್ಪಾಗೆಯ ಹಣ್ಣು, ಸಿಂಗಳೀಕದ ಪಾಲು

1990ರ ದಶಕದಲ್ಲಿ ಮಲೆನಾಡಿನ ಜನ ಎಣಿಸದ ಸಂಗತಿಯೊಂದು ನಡೆಯಿತು. ಮೀನು ಸಾರಿಗೆ ಹುಳಿಯಾಗಿ, ಬೀಜದ ತುಪ್ಪಕ್ಕಾಗಿ ಬಳಸುತ್ತಿದ್ದ ಉಪ್ಪಾಗೆಯ ಸಿಪ್ಪೆಗೆ ಅಮೆರಿಕದಿಂದ ಬೇಡಿಕೆ ಬಂತು. ತೂಕ ಇಳಿಸುವ ಗುಳಿಗೆಗೆ ಅದರ ಸತ್ವ ಬೇಕಂತೆ. ರೇಟು ಏರಿತು. ಯಾರಿಗೂ ಮೀಸಲಿಲ್ಲದ ಕಾಡಿನಲ್ಲಿ ಮೊದಲು ಕೊಯ್ದವನಿಗೆ ಸಿಕ್ಕಷ್ಟು. ಹಾಗಾಗಿ ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಹತ್ತಲಾಗದ ಕಡೆ ಕೊಂಬೆಯನ್ನೇ ಕಡಿದರು. ಫಸಲು ಬರುವುದು ಜಡಿಮಳೆಯ ದಿನಗಳಲ್ಲಿ, ಸಿಪ್ಪೆ ಒಣಗಿಸಲು ಬೆಂಕಿ ಬೇಕು, ಬೆಂಕಿಗೆ ಸೌದೆ ಬೇಕು. ಒಂದು ಮರದ ಹಣ್ಣಿಗೆ ಇನ್ನೊಂದು ಮರ ಉರಿಯಿತು. ಆಮೇಲೆ ಸೌದೆ ಕಡಿಮೆ ಬೇಡುವ ಒಲೆಗಳು ಬಂದವು, ಮಾಗಿದ್ದನ್ನೇ ಕೊಯ್ಯೋಣ ಎಂದು ಕೆಲವು ಊರುಗಳು ಕಟ್ಟುಪಾಡು ಮಾಡಿಕೊಂಡವು.

ಅದೇ ಹಣ್ಣಿಗೆ ಇನ್ನೊಬ್ಬ ಹಕ್ಕುದಾರ ಮರದ ಮೇಲಿದ್ದ. ಶಿರಸಿ, ಹೊನ್ನಾವರದ ಕಾಡುಗಳಲ್ಲಿ ಆರುನೂರಕ್ಕೂ ಹೆಚ್ಚು ಸಿಂಗಳೀಕಗಳಿವೆ ಎಂದು 2000ದ ದಶಕದಲ್ಲಿ ನಡೆದ ಗಣತಿ ತೋರಿಸಿತು. ಈ ಪ್ರಾಣಿಯ ನೆಲೆಯ ಉತ್ತರದ ತುದಿ ಇದು. ನೆಲಕ್ಕೆ ಇಳಿಯಲು ಹಿಂಜರಿಯುವ, ಮರದಿಂದ ಮರಕ್ಕೇ ಸಾಗುವ ಸಿಂಗಳೀಕ ಇಲ್ಲಿ ಉಳಿದದ್ದು ಅಭಯಾರಣ್ಯದ ಬೇಲಿಯೊಳಗಲ್ಲ. ಊರು, ತೋಟ, ಬೆಟ್ಟ, ಕಾನುಗಳು ಹೆಣೆದುಕೊಂಡ ಸೀಮೆಯಲ್ಲಿ ಅದು ಬದುಕಿಕೊಂಡಿತ್ತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಜನರ ಹಕ್ಕಿಗೆ ಧಕ್ಕೆ ಮಾಡದೆ ಕಾಡು ಕಾಯುವ ವ್ಯವಸ್ಥೆ ಎಂದು ಹೇಳಿಯೇ ಅದನ್ನು ತಂದರು. 2019ರಲ್ಲಿ ಅದನ್ನೂ ಸೇರಿಸಿಕೊಂಡು ಶರಾವತಿ ಕಣಿವೆಯ ಅಭಯಾರಣ್ಯ ದೊಡ್ಡದಾಯಿತು.

ಆ ಅಭಯಾರಣ್ಯದ ಹೊಟ್ಟೆಯಲ್ಲೇ ಈಗ ತಲಕಳಲೆ ಜಲಾಶಯದಿಂದ ಗೇರುಸೊಪ್ಪೆ ಜಲಾಶಯಕ್ಕೆ ಸುರಂಗ ಕೊರೆದು 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರಲು ಹೊರಟಿದ್ದಾರೆ. ಈ ಕಣಿವೆ 1960ರ ದಶಕದಲ್ಲಿ ಲಿಂಗನಮಕ್ಕಿಗಾಗಿ ಊರುಗಳನ್ನೂ ಕಾಡನ್ನೂ ಕೊಟ್ಟಿದೆ, ಆಮೇಲೆ ಗೇರುಸೊಪ್ಪೆಗೂ ಕೊಟ್ಟಿದೆ. ಸೌದೆ ತರುವ ಹೆಂಗಸಿಗೆ ಕಾಯ್ದೆಯ ಪುಸ್ತಕ ತೋರಿಸುವ ಇಲಾಖೆ ಸುರಂಗಕ್ಕೆ ಸಮ್ಮತಿ ಕೊಡುವುದಾದರೆ, ಅರಣ್ಯ ಹಕ್ಕಿನ ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆದವನಿಗೆ ಹೇಳಲು ಅದರ ಬಳಿ ಮಾತೇ ಉಳಿಯುವುದಿಲ್ಲ. ಕರೆಂಟು ನಾಡಿಗೆ ಬೇಕು, ಒಪ್ಪುತ್ತೇನೆ. ಬಿಸಿಲು, ಗಾಳಿಯ ವಿದ್ಯುತ್ತನ್ನು ಕೂಡಿಡಲು ಬೇರೆ ದಾರಿಗಳು, ಬೇರೆ ಜಾಗಗಳು ಇವೆ. ಕತ್ತಲೆಕಾನಿನ ಜಡ್ಡಿಗೆ ಬೇರೆ ಜಾಗವಿಲ್ಲ.

ಇಷ್ಟರ ನಡುವೆ ಸದ್ದಿಲ್ಲದ ಕೆಲಸವೂ ನಡೆದಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಕತ್ತಲೆಕಾನಿನ ಆ ಅಪರೂಪದ ಗೇರಿನ ಬೀಜ ಆರಿಸಿ, ಸಸಿ ಮಾಡಿ, ಬೇರೆ ಜಡ್ಡಿಗಳಲ್ಲಿ ನೆಟ್ಟಿದ್ದಾರೆ. ಸಸಿ ಬದುಕಲು ಜಡ್ಡಿಯಲ್ಲಿ ಬೇಸಿಗೆಯಲ್ಲೂ ನೀರಿರಬೇಕು. ನೀರಿರಬೇಕಾದರೆ ಅದರ ಮೇಲಿನ ಇಳಿಜಾರಿನಲ್ಲಿ ಮರವಿರಬೇಕು. ಆ ಇಳಿಜಾರು ಒಬ್ಬ ತೋಟಿಗನ ಸೊಪ್ಪಿನ ಬೆಟ್ಟವೋ, ಇಲಾಖೆಯ ಅಕೇಶಿಯಾ ಪ್ಲಾಂಟೇಶನ್ನೋ, ಕಂದಾಯ ದಾಖಲೆಯಲ್ಲಿ ಕಾನು ಎಂದು ಬರೆದಿದ್ದು ಈಗ ಶುಂಠಿ ಬೆಳೆದಿರುವ ಜಾಗವೋ ಆಗಿರುತ್ತದೆ. ಹಾಗಾಗಿ ಸಸಿಯ ಲೆಕ್ಕ ಸಸಿಯಲ್ಲಿ ಮುಗಿಯುವುದಿಲ್ಲ. 1868ರ ಲೆಕ್ಕವಿದೆ, ಕಂದಾಯದ ಪಹಣಿಗಳಿವೆ. ಸೊರಬದ ಕಾನುಗಳಲ್ಲಿ ಯಾವುದು ಎಷ್ಟು ಉಳಿದಿದೆ, ಯಾರ ವಶದಲ್ಲಿದೆ, ಎಲ್ಲಿ ಇನ್ನೂ ನೀರು ಹುಟ್ಟುತ್ತಿದೆ ಎಂದು ಊರೂರಿನ ಜನರನ್ನು ಕೂರಿಸಿಕೊಂಡು ಗಡಿ ಗುರುತಿಸುವ ಕೆಲಸಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಅರಣ್ಯ ಮತ್ತು ಕಂದಾಯ ಎಂಬ ಎರಡು ಇಲಾಖೆಗಳು ಒಂದೇ ನಕಾಶೆಯನ್ನು ಮುಂದಿಟ್ಟುಕೊಂಡು, ಗ್ರಾಮಸಭೆಯ ಎದುರು ಒಟ್ಟಿಗೆ ಕೂರಬೇಕು. ಮುಂದಿನ ಮಳೆಗಾಲಕ್ಕೆ ಮೊದಲೇ ಇದನ್ನು ಶುರು ಮಾಡಬಹುದು.